ಬಿಳಿ ಗೀಟು

"ಇದ್ನೂ ತಟ್ಟಿ ನೋಡಿ ಮೇಯರ್ ಸಾಮಿ," ಎಂದಳು ಪಾಪಮ್ಮ, ತನ್ನ ಮನೆ ಮುಂದಿನ ಫುಟ್‌ಪಾತ್ ಚಪ್ಪಡಿಯ ಮೇಲೆ ನಿಂತೇ. ಮಂಡಿಯೂರಿದ್ದ ಸೊಣ್ಣಪ್ಪನ ಕೈ ಗಾಳಿಯಲ್ಲೇ ನಿಂತಿತು.

"ನೀನ್ ಮೊದ್ಲು ಇಳಿಯಕ್ಕ."

"ನಮ್ ಯಜಮಾನ್ರೇನು ಇಳಿದಿದ್ರಾ? ನೀವು ಗೀಟು ಎಳ್ದಿದೀರ ಅಂತ್ಲೇ ಪಕ್ಕದ ಚಪ್ಪಡಿ ಮ್ಯಾಲೆ ನಿಂತ್ಕಂಡಿದ್ದು."

ಗುಮ್ಮಳಾಪುರದಿಂದ ಸೂಳಗಿರಿಯವರೆಗೆ ಮದುವೆಗಳಲ್ಲಿ ಡೋಲು ಬಾರಿಸಿದವನು ಸೊಣ್ಣಪ್ಪ. ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದು ಮೇಯರ್ ಆದಮೇಲೆ, ಹೊಸದಾಗಿ ಹಾಸಿದ ಒಂದೊಂದು ಚಪ್ಪಡಿಯನ್ನೂ ತಾನೇ ಬೆರಳಲ್ಲಿ ತಟ್ಟಿ, ನಾದ ಒಪ್ಪಿಗೆಯಾದರೆ ಬಿಳಿ ಬಣ್ಣದ ಗೀಟು ಎಳೆಯುತ್ತಿದ್ದ. ಹೋದ ತಿಂಗಳು ಕುಸಿದು ಪಾಪಮ್ಮನ ಗಂಡನನ್ನು ಕೊಂದ ಚಪ್ಪಡಿಯ ಮೇಲೂ ಆ ಗೀಟಿತ್ತು. ಅದರಡಿಯ ಮಣ್ಣನ್ನು ಚರಂಡಿ ನೀರು ಎಂದೋ ಕೊಚ್ಚಿಕೊಂಡು ಹೋಗಿತ್ತು. ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ಇಂಪಾಗಿ ನುಡಿದ ಕಲ್ಲು ಅದು. ಆಸೆಪಟ್ಟು ಎರಡು ಸಲ ತಟ್ಟಿದ್ದ. ಡೋಲು ನುಡಿಯುವುದು ಒಳಗೆ ಟೊಳ್ಳಾಗಿರುವುದರಿಂದಲೇ ಎಂಬುದು ಅವತ್ತು ಅವನಿಗೆ ಹೊಳೆದಿರಲಿಲ್ಲ.

ಪಾಪಮ್ಮ ಇಳಿಯಲಿಲ್ಲ. ಅವಳ ಪಾದದ ಪಕ್ಕದಲ್ಲೇ ಅವನು ತಟ್ಟಿದ. ಮಂಕಾದ, ಸತ್ತ ಸದ್ದು ಬಂತು.

"ಗಟ್ಟಿ ಐತೆ ಅಕ್ಕ."

"ಸರಿ," ಎಂದು ಅವಳು ಒಳಗೆ ಹೋದಳು.

ಸೊಣ್ಣಪ್ಪ ಮಂಡಿಯೂರಿಕೊಂಡೇ ತಲೆಯೆತ್ತಿದ. ಹೆದ್ದಾರಿಯವರೆಗೂ ಅವನ ಬಿಳಿ ಗೀಟುಗಳು. ಶಾಲೆ ಬಿಟ್ಟ ಮಕ್ಕಳು ಅವುಗಳನ್ನೇ ತುಳಿದುಕೊಂಡು ಬರುತ್ತಿದ್ದರು. ಯಾವ ಯಾವ ಕಲ್ಲು ಇಂಪಾಗಿ ನುಡಿದಿತ್ತೆಂಬುದು ಅವನ ಕಿವಿಗೆ ಒಂದೊಂದಾಗಿ ನೆನಪಾಗತೊಡಗಿತು.