ಏಳನೇ ಇಲಿಯ ಬಾಲ

ಪ್ರಯೋಗಾಲಯದ ಕಿಟಕಿ ಪಕ್ಕದ ಪಂಜರಗಳ ಸಾಲಿನಲ್ಲಿ ಏಳನೇ ಇಲಿ ಬಾಲವೆತ್ತಿ ಅವಳ ಬೆರಳಿಗೆ ಸುತ್ತಿತು. ಎರಡು ವಾರದ ಹಿಂದೆ ಅದೇ ಬಾಲ ಒದ್ದೆ ದಾರದಂತೆ ಜೋತುಬಿದ್ದಿತ್ತು. ರೋಗ ತಡೆಯಬೇಕಾದ ಮೈಯ ಕಾವಲೇ ಮೈಯ ನರಗಳನ್ನು ತಿನ್ನುವ ಕಾಯಿಲೆ, ಅವಳ ಅಕ್ಕನಿಗಿರುವಂಥದ್ದೇ. ಸಣ್ಣ ಕಾಂತಬಲದಿಂದ ಅದು ಇಳಿದೀತೇ ಎಂಬುದು ಪ್ರಯೋಗ. ಕಾಂತಬಲ ಹುಟ್ಟಿಸಲು ಯಾವ ಪಂಜರದ ತಂತಿಸುರುಳಿಗೆ ವಿದ್ಯುತ್ ಹರಿಯುತ್ತಿದೆ ಎಂದು, ಇಲಿಗಳ ಚೇತರಿಕೆಗೆ ಅಂಕ ಹಾಕುವ ಅವಳಿಗೆ ತಿಳಿಸುವಂತಿರಲಿಲ್ಲ. ಆದರೆ ಈ ಸಾಲಿನ ಸುರುಳಿಗಳು ಬೆಚ್ಚಗಿದ್ದುದನ್ನು ಅವಳು ಮುಟ್ಟಿ ನೋಡಿದ್ದಳು. ಸುರುಳಿಯಿಂದ ಇಲಿಗಳು ಗುಣವಾಗುತ್ತಿವೆ ಎಂದು ದಿನಾ ಅಕ್ಕನಿಗೆ ಹೇಳುತ್ತಲೂ ಇದ್ದಳು.

ಕೊನೆಯ ದಿನವಾದ್ದರಿಂದ ತಂತ್ರಜ್ಞ ಮೊಹರಿನ ಲಕೋಟೆ ಒಡೆದು ಪಟ್ಟಿ ಓದಿದ. “ಕಿಟಕಿ ಸಾಲಿಗೆ ಕರೆಂಟೇ ಕೊಟ್ಟಿಲ್ಲ ತಾಯಿ. ಬರೀ ಹೋಲಿಸೋಕೆ ಇಟ್ಟಿದ್ದು.”

“ಮತ್ತೆ ಬೆಚ್ಚಗಿತ್ತಲ್ಲ?”

“ಅದು ಬಿಸಿಲು. ಇಷ್ಟು ಸಣ್ಣ ಕರೆಂಟಿಗೆ ಬಿಸಿಯಾಗೋದಾದ್ರೆ ನಾನು ಅದರ ಮೇಲೇ ಟೀ ಕಾಯಿಸ್ತಿದ್ದೆ.” ಅವನು ನಕ್ಕ. “ಈ ಕಾಯಿಲೆ ತಾನಾಗೇ ಸ್ವಲ್ಪ ದಿನ ಇಳಿಯುತ್ತೆ, ಆಮೇಲೆ ಏರುತ್ತೆ. ಕರೆಂಟ್ ಕೊಟ್ಟ ಇಲಿಗಳದ್ದೂ ಇದೇ ಕಥೆ.”

ಅವಳು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು. ಬಾಯಿ ತೆರೆಯುವ ಮೊದಲೇ ಅಕ್ಕ ಪಿಸುಗುಟ್ಟಿದಳು: “ಬೈಬೇಡ ಕಣೇ. ನಿನ್ನ ಮಾತು ನಂಬಿ ಇಂಜೆಕ್ಷನ್ ಬಿಟ್ಟು ಹತ್ತು ದಿನ ಆಯ್ತು. ಬೆಳಿಗ್ಗೆಯಿಂದ ಎಡಗಾಲು ಏಳ್ತಾನೇ ಇಲ್ಲ. ಆ ಸುರುಳಿ ನಂಗೆ ಯಾವಾಗ ತರ್ತೀಯ?”