ಗುದ್ದಿನ ಹರಕೆ

ಬೇವಿನ ಮರಕ್ಕೆ ತೂಗುಹಾಕಿದ್ದ ಉಸುಕಿನ ಚೀಲದ ಹಿಂದೆ ಅಕ್ಕುತಾಯಿ ಸದ್ದಿಲ್ಲದೆ ನೆಲಕ್ಕೆ ಕುಸಿದಳು. ಚೀಲ ತೂಗಾಡದಂತೆ ಹೆಗಲು ಕೊಟ್ಟು ನಿಲ್ಲುವುದು ಅವಳ ಕೆಲಸ. ಅದಕ್ಕೆ ಗುದ್ದುವುದು ತಮ್ಮ ದಶರಥನದು.

"ಅಕ್ಕಾ! ಏ ಅಕ್ಕಾ!"

ದಶರಥ ಅವಳ ಹೆಗಲು ಹಿಡಿದು ಅಲುಗಿಸಿದ.

ಎರಡು ತಿಂಗಳಿಂದ ಅವನು ಈ ಒಂದು ಗುದ್ದಿಗಾಗಿ ದುಡಿದಿದ್ದ. ಬಲಕ್ಕೆಂದು ಕೊಡಲಿ ಹಿಡಿದು ಕಟ್ಟಿಗೆ ಸೀಳುವುದು, ವೇಗಕ್ಕೆಂದು ಹಳ್ಳದ ಉಸುಕಿನಲ್ಲಿ ಓಡುವುದು. ಗುರುವಾರ ಬೆಳಗಾವಿಯಲ್ಲಿ ಜಿಲ್ಲಾ ಬಾಕ್ಸಿಂಗ್ ತಂಡದ ಆಯ್ಕೆ. ಮಿಲ್ಟ್ರಿಯಿಂದ ನಿವೃತ್ತನಾಗಿ ಮಂಗಸೂಳಿಗೆ ಮರಳಿದ್ದ ಹವಾಲ್ದಾರ ಅಣ್ಣಾಸಾಬ ಅವನಿಗೆ ಗುರು. ಕೀಲಿ ಕೊಡುವ ಕೈಗಡಿಯಾರ ನೋಡುತ್ತ ಈಗಷ್ಟೇ ಕೂಗಿದ್ದ: "ತೋಳಿಂದ ಅಲ್ಲಲೇ, ಹಿಮ್ಮಡದಿಂದ ಬರ್ಲಿ! ಸೊಂಟ ತಿರಗಲಿ! ಜಲ್ದಿ, ಜಲ್ದಿ!" ದಶರಥ ಇದ್ದಬದ್ದ ಕಸುವನ್ನೆಲ್ಲ ಒಂದೇ ಏಟಿಗೆ ಹಾಕಿದ್ದ.

ಅವ್ವ ಸತ್ತ ಮೇಲೆ ಸಾಕಿದವಳು ಈ ಅಕ್ಕ. ಅವನು ಮುಷ್ಟಿಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತೆಸೆದು, ಊರ ದೇವರು ಮಲ್ಲಯ್ಯನ ಗುಡಿಯ ಕಡೆ ತಿರುಗಿ ಕೈಮುಗಿದ. "ಮಲ್ಲಯ್ಯಾ, ನಮ್ಮಕ್ಕನ್ನ ಎಬ್ಬಸಪಾ. ಇನ್ನ ಈ ಜನ್ಮದಾಗ ಗುದ್ದಾಕ ಕೈ ಎತ್ತಂಗಿಲ್ಲ. ಇದು ನನ್ನ ಹರಕಿ!"

ಅಣ್ಣಾಸಾಬ ಅವಳ ಮೂಗಿನ ಬಳಿ ಬೆರಳಿಟ್ಟ. ಒಣಗಿ ಬಿರಿದ ತುಟಿ ನೋಡಿದ. ಮುಖಕ್ಕೆ ನೀರು ಚಿಮುಕಿಸಿದಾಗ ಅವಳು ಮೆಲ್ಲಗೆ ಕಣ್ಣು ಬಿಟ್ಟಳು.

"ಮುಂಜಾನೆ ಏನ ತಿಂದಿ ಅಕ್ಕುತಾಯಿ? ಖರೇ ಹೇಳು."

"ಇವತ್ತ ಐತವಾರ ಅಲ್ಲೇನ್ರಿ... ನಿನ್ನಿ ರಾತ್ರಿಯಿಂದ ನೀರೂ ಮುಟ್ಟಿಲ್ರಿ. ಇವನ ಗುದ್ದಿಗೆ ಬಲಾ ಕೊಡಪಾ ಅಂತ ಮಲ್ಲಯ್ಯಗ ಐದ ಐತವಾರ ಉಪಾಸ ಹಿಡದೀನಿ. ಇದ ಕಡೀದು."

"ಕೇಳಿದೇನಲೇ ದಶರಥ? ಅಕ್ಕ ಬಿದ್ದದ್ದು ಹಸಿವಿಗೆ. ನಿನ್ನ ಗುದ್ದಿಗೆ ಆ ಚೀಲಾನೂ ಹರದಿಲ್ಲ!"

ಎರಡು ತಿಂಗಳಲ್ಲಿ ತಿಂದ ಬೈಗುಳಗಳಲ್ಲಿ ಇಷ್ಟು ಸಿಹಿಯಾದದ್ದು ಇನ್ನೊಂದಿರಲಿಲ್ಲ. ದಶರಥ ನಕ್ಕ, ನಗುನಗುತ್ತಲೇ ಅತ್ತ. ಆಮೇಲೆ ಏನೋ ಹೊಳೆದು ಮುಖ ಸಣ್ಣದಾಯಿತು.

"ಅಕ್ಕಾ, ಇನ್ನ ಗುದ್ದಂಗಿಲ್ಲ ಅಂತ ನಾ ಈಗ ಹರಕಿ ಹೊತ್ತಬಿಟ್ಟೆನಲ್ಲ!"

ಅಕ್ಕುತಾಯಿ ಎದ್ದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀ ಹೊತ್ತದ್ದು ಈಗ. ನಾ ಹೊತ್ತು ತಿಂಗಳಾತು. ಮಲ್ಲಯ್ಯನ ಮುಂದೂ ಪಾಳಿ ಐತೋ ಹುಚ್ಚಾ. ನಂದ ಮೊದಲ."