ಚೀಲದಲ್ಲಿ ಉಳಿದ ಕಾಗದ

ಬೆಟ್ಟದ ನೆತ್ತಿಗೆ ಇನ್ನು ಆರೇ ತಿರುವು ಬಾಕಿ ಇರುವಾಗ ಸೊಸೆ ಸೈಕಲ್ಲಿನಿಂದ ಇಳಿದೇಬಿಟ್ಟಳು. ಹಿಂದೆ ಆಮೆಯ ಹಾಗೆ ಬರುತ್ತಿದ್ದ ವ್ಯಾನು ಕೂಡಲೇ ನಿಂತಿತು. ಅದು ಇರುವುದೇ ಸುಸ್ತಾದವರನ್ನು ಗುಡಿಸಿಕೊಂಡು ಹೋಗಲಿಕ್ಕೆ. ಡ್ರೈವರ್ ಪಾಪ ಒಳ್ಳೆಯವನು, ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹಿಂದಿನ ಬಾಗಿಲು ತೆರೆದಿಟ್ಟು ತನ್ನ ಪಾಡಿಗೆ ಗಾಜು ಒರೆಸತೊಡಗಿದ.

ಸೈಕಲ್ ಹುಚ್ಚಿನವರೆಲ್ಲ ಜನ್ಮದಲ್ಲಿ ಒಮ್ಮೆಯಾದರೂ ಹತ್ತಬೇಕೆಂದು ಹಂಬಲಿಸುವ ಏರು ಅದು. ನಾಲ್ಕು ದಿನದ ಪ್ರವಾಸ, ದಿನಕ್ಕೊಂದು ಬೆಟ್ಟ, ಇವತ್ತಿನದೇ ಕೊನೆಯದು. ಗುಂಪಿನ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಕಾರ್ಡು. ತುಳಿದುಕೊಂಡೇ ನೆತ್ತಿ ಮುಟ್ಟಿದವರಿಗೆ ಗೈಡ್ ಅದರ ಮೇಲೆ ತಾರೀಕಿನ ಸೀಲು ಒತ್ತುತ್ತಾನೆ. ವ್ಯಾನಿನಲ್ಲಿ ಬಂದವರಿಗೆ ಬಿಸಿ ಕಾಫಿ ಇದೆ, ಸೀಲಿಲ್ಲ. ಮೂರು ದಿನದಿಂದ ಸೊಸೆ ಕಾಫಿಯನ್ನೇ ಕುಡಿಯುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಬರಬೇಕಿತ್ತು. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದ ಗಂಡ ಭುಜದ ಮೂಳೆ ಮುರಿದುಕೊಂಡಿದ್ದರಿಂದ ಅವನ ಜಾಗಕ್ಕೆ ಅವನ ತಾಯಿ ಬಂದಿದ್ದರು. ಮೂವತ್ತು ವರ್ಷ ಸೈಕಲ್ಲಿನಲ್ಲೇ ಅಂಚೆ ಹಂಚಿ, ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಹೆಂಗಸು. ಗೈಡ್ ಬ್ಯಾಟರಿ ಸೈಕಲ್ ಕೊಡಲು ಬಂದರೆ, “ನಡುದಾರೀಲಿ ಅದಕ್ಕೆ ಸುಸ್ತಾದ್ರೆ ಹೊತ್ಕೊಂಡು ಹೋಗೋರು ಯಾರಪ್ಪ?” ಎಂದು ಅವನ ಬಾಯಿ ಮುಚ್ಚಿಸಿದ್ದರು. ಆದರೂ ಸೊಸೆ ವ್ಯಾನು ಹತ್ತಿದಾಗಲೆಲ್ಲ ಸರಿಯಾಗಿ ಅದೇ ತಿರುವಿನಲ್ಲಿ ಅತ್ತೆಗೂ ಮಂಡಿ ನೋಯುತ್ತಿತ್ತು.

“ನೀವು ಹೋಗಿ ಅತ್ತೆ. ಇವತ್ತಾದ್ರೂ ನಿಮ್ಮ ಕಾರ್ಡಿಗೆ ಒಂದು ಸೀಲು ಬೀಳಲಿ,” ಎಂದಳು ಸೊಸೆ.

“ಕಾಲು ನೋವಾ?”

“ಕಾಲಿಗೇನೂ ಆಗಿಲ್ಲ.” ಅವಳು ಎದೆಯ ಮೇಲೆ ಅಂಗೈ ಇಟ್ಟಳು. “ಎದೆ ಸ್ವಲ್ಪ ಜೋರಾಗಿ ಹೊಡ್ಕೊಂಡ್ರೆ ಸಾಕು, ಅವತ್ತಿಂದೇ ನೆನಪು. ಹಿಂದಿನ ದಿನ ಅರ್ಧ ಗಂಟೆ ಸೈಕಲ್ ತುಳಿದಿದ್ನಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಾರೆ ಡಾಕ್ಟರು. ನನ್ನ ಮೈಯನ್ನ ನನಗೇ ನಂಬೋಕಾಗ್ತಿಲ್ಲ ಅತ್ತೆ.”

ಐದು ತಿಂಗಳ ಹಿಂದೆ ಹೊಟ್ಟೆಯಲ್ಲಿದ್ದ ಮೂರು ತಿಂಗಳ ಕೂಸು ನಿಲ್ಲದೆ ಹೋದಾಗಿನಿಂದ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಅತ್ತೆ ದಿನಾ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದರು, ಅಷ್ಟೆ. ಈಗ ಅವರು ಸೈಕಲ್ಲನ್ನು ರಸ್ತೆಯಂಚಿನ ಕಟ್ಟೆಗೆ ಒರಗಿಸಿ ಪಕ್ಕದಲ್ಲಿ ಕೂತರು.

“ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಚೀಲದಲ್ಲಿ ಕಾಗದ ಉಳಿಸ್ಕೊಂಡು ವಾಪಸ್ ಬಂದೆ ಕಣೇ,” ಎಂದರು. “ಕೆಲಸಕ್ಕೆ ಸೇರಿದ ಮರುವರ್ಷ, ಗುಡ್ಡದ ಮೇಲಿನ ಕೊನೇ ಮನೇದು. ಅರ್ಧ ದಾರೀಲಿ ಹೊಟ್ಟೆ ಹಿಡ್ಕೊಂಡು ಕೂತೆ. ನಿನ್ನ ಗಂಡನಿಗಿಂತ ಮುಂಚೆ ಒಂದಿತ್ತು. ನಿನ್ನ ಮಾವನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿನ್ನ ಗಂಡನಿಗೂ.”

ಸೊಸೆ ಬೆಚ್ಚಿ ಅವರ ಮುಖ ನೋಡಿದಳು.

“ನಿನ್ನ ಹಾಗೇ, ಸೈಕಲ್ ತುಳಿದಿದ್ದಕ್ಕೇ ಹೋಯ್ತು ಅಂದ್ಕೊಂಡೆ. ನಿನ್ನ ಡಾಕ್ಟರು ಹೇಳಿದ್ದನ್ನೇ ನಮ್ಮ ಡಾಕ್ಟರೂ ಹೇಳಿದ್ರು, ನಾನೆಲ್ಲಿ ಕಿವಿಗೆ ಹಾಕ್ಕೊಂಡೆ? ಸಾಹೇಬರ ಕೈಕಾಲು ಹಿಡಿದು ಬೇರೆ ಏರಿಯಾ ಹಾಕಿಸ್ಕೊಂಡೆ. ಎಲ್ಲಾ ಸಮತಟ್ಟು ರೋಡು.”

“ಆ ಗುಡ್ಡ?”

“ಮತ್ತೆ ಹತ್ತಲೇ ಇಲ್ಲ. ಆ ಕಾಗದಾನ ಬೇರೆಯವರು ಕೊಟ್ರು.”

ಡ್ರೈವರ್ ಗಾಜು ಒರೆಸಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಅತ್ತೆ ಮಂಡಿಗೆ ಕೈಯೂರಿ ಎದ್ದರು. “ಏಳು. ನೆತ್ತಿ ಕಡೆ ನೋಡ್ಲೇಬೇಡ. ಅಂಚೆಯವರು ಗುಡ್ಡ ಹತ್ತಲ್ಲ, ಮನೆ ಮನೆಗೆ ಹೋಗ್ತಾರೆ ಅಷ್ಟೆ. ಆರು ತಿರುವು, ಆರು ಮನೆ. ಕೊಟ್ಟು ಬರೋಣ.”

ಮೊದಲ ತಿರುವು ದರ್ಜಿಯ ಮನೆ, ಮಗಳ ಪತ್ರ ಬಂದಿದೆ. ಎರಡನೆಯದು ಮೇಷ್ಟ್ರದು, ಅವರಿಗೆ ಕಿವಿ ಮಂದ, ಜೋರಾಗಿ ಕೂಗು ಎಂದರು ಅತ್ತೆ. ಸೊಸೆ “ಪೋಸ್ಟ್!” ಎಂದು ಕೂಗಿದಳು, ಹಿಂದೆ ವ್ಯಾನಿನವನು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮೂರನೆಯದರಲ್ಲಿ ಅವಳ ಎದೆ ಮತ್ತೆ ಡವಡವ ಎಂದಿತು, ಕಾಲು ತಡವರಿಸಿತು. “ನಿಲ್ಲಬೇಡ, ಈ ಮನೇಲಿ ನಾಯಿ ಇದೆ!” ಎಂದು ಅತ್ತೆ ಕಿರುಚಿದರು. ನಗು ಉಕ್ಕಿಬಂದು ಅವಳು ಎದ್ದು ನಿಂತು ತುಳಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಏನೂ ಆಗಲಿಲ್ಲ. ಹೊಡೆದುಕೊಳ್ಳಲಿ ಬಿಡು ಎಂದುಕೊಂಡಳು.

ಆರನೆಯ ತಿರುವಿಗೆ ಅತ್ತೆಯ ಮಾತು ನಿಂತುಹೋಯಿತು. ಸೊಸೆ ತಿರುಗಿ ನೋಡಿದರೆ ಅವರು ಅಳುತ್ತಾ ತುಳಿಯುತ್ತಿದ್ದರು.

“ಇದು ಯಾರ ಮನೆ ಅತ್ತೆ?”

“ನಿನಗೇ ಗೊತ್ತಲ್ಲ. ತುಳಿ.”

ನೆತ್ತಿಯಲ್ಲಿ ಉಳಿದವರೆಲ್ಲ ಕಾಫಿ ಮುಗಿಸಿ ಸ್ವೆಟರ್ ತೊಟ್ಟು ಕಾಯುತ್ತಿದ್ದರು. ಗೈಡ್ ಗಡಿಯಾರ ನೋಡಿ ನಕ್ಕ. “ಒಂದೂವರೆ ಗಂಟೆ ತಡ ನೀವಿಬ್ಬರು!” ಎನ್ನುತ್ತಾ ಸೀಲು ತೆಗೆದ. ಅತ್ತೆ ಅದನ್ನು ಅವನ ಕೈಯಿಂದ ಇಸಿದುಕೊಂಡರು. ಚಳಿಗೆ ಒಣಗಿದ್ದ ಅದರ ಮುಖಕ್ಕೆ ಹಾ ಎಂದು ಉಸಿರೂದಿ, ಸೊಸೆಯ ಕಾರ್ಡನ್ನು ಸೈಕಲ್ ಸೀಟಿನ ಮೇಲಿಟ್ಟು ಧಡ್ಡೆಂದು ಒತ್ತಿದರು. ಸೊಸೆ ಸೀಲು ಇಸಿದುಕೊಂಡು, ತಾನೂ ಹಾಗೇ ಉಸಿರೂದಿ, ಅತ್ತೆಯ ಕಾರ್ಡಿನ ಮೇಲೆ ಒತ್ತಿದಳು.

ಅತ್ತೆ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ತಾರೀಕು ಸರಿಯಾಗಿ ಮೂಡಿದೆಯೇ ಎಂದು ಹಳೆಯ ಅಭ್ಯಾಸದಂತೆ ನೋಡಿದರು.

“ಒಂದೂವರೆ ಗಂಟೆ ಅಲ್ಲಪ್ಪ,” ಎಂದರು ಗೈಡಿಗೆ. “ಮೂವತ್ತಮೂರು ವರ್ಷ ತಡ.”